ಹೆರೆಮಣೆಯ ಹಾಡು

ಸೋನಿಯಾಳ ಮೊದಲ ಆಲ್ಬಮ್ ಹೊರಬಂದಾಗ ಅದರಲ್ಲಿ ಒಂಬತ್ತು ಹಾಡುಗಳಿದ್ದವು. ಈಗ ಹುಡುಕಿದರೆ ಎಂಟು ಸಿಗುತ್ತವೆ. ಎಂಟನೆಯದು ಮುಗಿಯುವಾಗ ಗಿಟಾರಿನ ಒಂದು ತಂತಿ, ಮುಂದೆ ಇನ್ನೇನೋ ಇದೆ ಎನ್ನುವ ಹಾಗೆ ಸ್ವಲ್ಪ ಹೊತ್ತು ನಡುಗಿ ನಿಂತುಬಿಡುತ್ತದೆ. ಅದೇ ಅವಳ ಶೈಲಿ ಎಂದು ಮಣಿಪಾಲದ ಕಾಲೇಜು ಹುಡುಗರು ಹೊಗಳುತ್ತಾರೆ. ಸೋನಿಯಾ ತಲೆಯಾಡಿಸಿ ಗಿಟಾರನ್ನು ಚೀಲಕ್ಕೆ ಹಾಕುತ್ತಾಳೆ.

ಅವಳ ಊರು ಕಾಪು. ಹೆದ್ದಾರಿ ಬಿಟ್ಟು ಲೈಟ್‌ಹೌಸಿನ ಕಡೆ ಇಳಿಯುವ ದಾರಿಯಲ್ಲಿ ಒಳಗೆ ತಿರುಗಿದರೆ ನಾಲ್ಕಾರು ತೆಂಗಿನ ಮರ, ಒಂದು ಬಾವಿ, ಹಂಚಿನ ಮನೆ. ಅಲ್ಲಿ ಅವಳು ಮತ್ತು ತಾಯಿ ಕ್ಲಾರಾ, ಇಬ್ಬರೇ. ತಂದೆ ವಿಲ್ಫ್ರೆಡ್ ಮಲ್ಪೆಯ ಐಸ್ ಪ್ಲಾಂಟೊಂದರಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಸೋನಿಯಾ ಪಿಯುಸಿಯಲ್ಲಿದ್ದಾಗ ಒಂದು ಬೆಳಿಗ್ಗೆ, ಕೆಲಸದ ನಡುವೆ ಎದೆ ಒತ್ತಿಕೊಂಡು ಕೂತವನು ಮತ್ತೆ ಏಳಲಿಲ್ಲ.

ವಿಲ್ಫ್ರೆಡ್ ಇರುವಾಗ ಕ್ಲಾರಾಳ ಹೆಸರು ಕಾಪುವಿನಿಂದ ಕಾರ್ಕಳದವರೆಗೆ ಗೊತ್ತಿತ್ತು. ಅವರ ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸ್ ನಡೆಯುತ್ತದೆ. ವಧುವನ್ನು ಕೂರಿಸಿ, ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಅವಳ ತಲೆಗೆ, ಕೆನ್ನೆಗೆ, ಕೈಗೆ ತೆಂಗಿನ ಹಾಲು ಹಚ್ಚುತ್ತಾರೆ. ಆಗ ಹೆಂಗಸರು ಹಾಡುವ ಮೂರು ಸಾಲಿನ ಪದಗಳಿಗೆ ವೊವಿಯೊ ಎಂದು ಹೆಸರು, ಒಂದೊಂದು ಪದ ಒಂದು ವೊವಿ. ಒಬ್ಬಳು ಎತ್ತಿಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಕ್ಲಾರಾ ಎತ್ತಿಕೊಡುವವಳು. ಅವಳಿಗೆ ಪುಸ್ತಕ ಬೇಡ. ಆ ಮನೆಯ ಬಾವಿ, ಆ ಮನೆಯ ಅಜ್ಜಿ, ಗಲ್ಫಿನಲ್ಲಿ ರಜೆ ಸಿಗದ ಅಣ್ಣ, ಎಲ್ಲರನ್ನೂ ನಿಂತಲ್ಲೇ ಪದಕ್ಕೆ ತಂದು, ಮೂರನೇ ಸಾಲಿನ ಕೊನೆಗೆ ವಧುವಿನ ಹೆಸರನ್ನು ಕೂರಿಸಿಬಿಡುತ್ತಿದ್ದಳು. ಅವಳನ್ನು ಕರೆದೊಯ್ಯಲು ಮನೆ ಬಾಗಿಲಿಗೆ ಕಾರು ಬರುತ್ತಿತ್ತು.

ಆದರೆ ವೊವಿಯೊ ಎತ್ತಿಕೊಡುವವಳ ಗಂಡ ಬದುಕಿರಬೇಕು. ಪಾದ್ರಿಗಳನ್ನು ಕೇಳಿದರೆ ಅಂಥ ನಿಯಮವೇನೂ ಇಲ್ಲ ಎನ್ನುತ್ತಾರೆ. ಹೆಂಗಸರನ್ನು ಕೇಳಿದರೆ ಮಾತು ಬದಲಿಸುತ್ತಾರೆ. ವಿಲ್ಫ್ರೆಡ್ ತೀರಿಹೋದ ನಂತರದ ಮೊದಲ ರೋಸಿಗೆ ಕ್ಲಾರಾ ಬಸ್ಸಿನಲ್ಲಿ ಹೋದಳು. ಹಾಡಬೇಡ ಎಂದು ಯಾರೂ ಹೇಳಲಿಲ್ಲ. ಹಾಡು ಎಂದೂ ಯಾರೂ ಹೇಳಲಿಲ್ಲ. ಅವಳೇ ಹೋಗಿ ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಕೂತಿದ್ದ ಸೋನಿಯಾ ಕಂಡದ್ದು ಇಷ್ಟು: ಹೆಂಗಸರು ಹಾಡುವಾಗ ತಾಯಿಯ ತುಟಿ ಅಲ್ಲಾಡುತ್ತಿರಲಿಲ್ಲ, ಆದರೆ ಪ್ರತಿ ಮೂರನೇ ಸಾಲಿಗೆ ಅವಳ ಗಂಟಲು ಒಮ್ಮೆ ಏರಿ ಇಳಿಯುತ್ತಿತ್ತು.

ಸೋನಿಯಾ ಉಡುಪಿಯಲ್ಲಿ ಬಿ.ಕಾಂ. ಮುಗಿಸಿದಳು. ಹಾಡಲು ಕಲಿತದ್ದು ಚರ್ಚಿನ ಕೊಯರಿನಲ್ಲಿ. ಆಮೇಲೆ ಮಣಿಪಾಲದಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಮ್ಯೂಸಿಕ್ ಕ್ಲಾಸಿನಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತ, ಬ್ರ್ಯಾಂಡನ್ ಎಂಬವನ ಮದುವೆ ಬ್ಯಾಂಡಿನಲ್ಲಿ ಹಾಡುತ್ತ ಕೆಲವು ವರ್ಷ ಕಳೆದಳು. ಕೇಕ್ ಕತ್ತರಿಸುವಾಗ ಒಂದು ಹಾಡು, ವಧೂವರರು ಕುಣಿಯುವಾಗ ಒಂದು, ಜನ ಊಟಕ್ಕೆ ಎದ್ದಾಗ ಯಾರೂ ಕೇಳದ ಇನ್ನೊಂದು. ಒಂದು ದಿನ ಬ್ಯಾಂಡ್ ಬಿಡುತ್ತೇನೆ, ಸ್ವಂತ ಆಲ್ಬಮ್ ಮಾಡುತ್ತೇನೆ ಎಂದಳು.

“ಒಬ್ಬಳೇ? ಎಂತದರ ಮೇಲೆ?” ಎಂದ ಬ್ರ್ಯಾಂಡನ್.

“ರೋಸ್. ಒಂದು ಮನೆ, ಒಂದು ದಿನ. ಬೆಳಗಿನಿಂದ ಸಂಜೆವರೆಗೆ.”

“ಒಳ್ಳೆ ಐಡಿಯಾ ಮಾರಾಯ್ತಿ. ಮದುವೆಯವರು ಬಿಡುವುದಿಲ್ಲ ನಿನ್ನನ್ನು.”

“ಮದುವೆ ಹುಡುಗಿ ಅದರಲ್ಲಿ ಹಾಡುವುದಿಲ್ಲ.”

“ಮತ್ತೆ ಯಾರು ಹಾಡುವುದು, ಕುರ್ಚಿಯಾ?”

ಕುರ್ಚಿ ತಂದವನಿಗೂ ಒಂದು ಹಾಡಿತ್ತು. ಕಾಯಿ ಕೀಳಲು ಮರ ಹತ್ತಿ ಮೇಲಿನಿಂದ ಚಪ್ಪರವನ್ನು ನೋಡುವವನಿಗೆ ಒಂದು, ಈರುಳ್ಳಿ ಹೆಚ್ಚುವ ನೆರೆಮನೆಯವಳಿಗೆ ಒಂದು, ಫೋನಿನ ಪರದೆಯಲ್ಲಿ ತಂಗಿಯ ರೋಸ್ ನೋಡುವ ಗಲ್ಫಿನ ಅಣ್ಣನಿಗೆ ಒಂದು. ಒಂಬತ್ತನೆಯದು ಹಿಂದಿನ ಸಾಲಿನ ಕೊನೆಯ ಕುರ್ಚಿಯ ಹೆಂಗಸಿನದು. ಆಲ್ಬಮ್ಮಿಗೂ ‘ಹಿಂದಿನ ಸಾಲು’ ಎಂದೇ ಹೆಸರಿಟ್ಟಳು. ಉಳಿದ ಎಂಟು ಹಾಡುಗಳೂ ಈ ಒಂದಕ್ಕಾಗಿಯೇ ಎಂದು ಅವಳು ಯಾರಿಗೂ ಹೇಳಲಿಲ್ಲ.

ಮಾಳಿಗೆಯ ಕೋಣೆಯ ಕಿಟಕಿಗೆ ಹಾಸಿಗೆ ಒತ್ತಿಟ್ಟು, ಹೆದ್ದಾರಿಯ ಲಾರಿಗಳು ನಿಲ್ಲುವ ಹೊತ್ತು ನೋಡಿ ಹಾಡಿ ರೆಕಾರ್ಡ್ ಮಾಡಿದಳು. ಮೈಕ್ ಕೊಟ್ಟವನು, ಹಾಡುಗಳನ್ನು ಹದಮಾಡಿಕೊಟ್ಟವನು ಉಡುಪಿಯ ಲಕ್ಷಿತ್. ಮದುವೆ ಮನೆಗಳಿಗೆ ಸೌಂಡ್ ಹಾಕುವವನು, ತುಳುವಿನವನು, ಸೋನಿಯಾಳನ್ನು ಅಕ್ಕ ಎಂದು ಕರೆಯುವವನು. ಎಂಟು ಹಾಡು ಸಲೀಸಾಗಿ ಬಂದವು. ಒಂಬತ್ತನೆಯದು ಬರಲಿಲ್ಲ. ಬರೆದಳು, ಹಾಡಿದಳು, ಕೇಳಿದಳು, ಅಳಿಸಿದಳು. ಅವಳ ದನಿಯಲ್ಲಿ ತಾಯಿಯ ಸಂಕಟ ನಾಟಕಕ್ಕೆ ಸೀರೆ ಉಟ್ಟು ಬಂದ ಹಾಗೆ ಇತ್ತು.

ಹಾಡಿನ ಅಡಿಯಲ್ಲಿ ಅಡುಗೆಮನೆಯ ಒಂದು ಶಬ್ದ ಇದ್ದರೆ ಸರಿಹೋದೀತು ಎನಿಸಿತು. ಒಂದು ಬೆಳಿಗ್ಗೆ ಕ್ಲಾರಾ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಾಗ ಸೋನಿಯಾ ಅಕ್ಕಿ ಡಬ್ಬಕ್ಕೆ ಒರಗಿಸಿ ಫೋನ್ ಇಟ್ಟಳು.

“ಎಂತ ಅದು?”

“ಕಾಯಿ ತುರಿಯುವ ಶಬ್ದ ಬೇಕು ಮಮ್ಮಿ. ಹಾಡಿಗೆ.”

“ಅದೂ ಹಾಡಾ? ಹಾಗಾದರೆ ನಾನು ದಿನಾ ಕಛೇರಿ ಕೊಡ್ತೇನೆ,” ಎಂದು ಕ್ಲಾರಾ ನಕ್ಕಳು. “ಇರಲಿ, ತಗೋ. ನೀನು ಹೋಗಿ ಕೋಳಿಗೆ ನೀರಿಡು.”

ಸೋನಿಯಾ ಹೋದಳು. ಬಂದು ಮಾಳಿಗೆಯಲ್ಲಿ ಕಿವಿಗೆ ಹಾಕಿಕೊಂಡು ಕೇಳಿದಳು. ಸರಕ್, ಸರಕ್, ಒಂದು ಹೋಳು ಮುಗಿಯಿತು. ಇನ್ನೊಂದು ಹೋಳು. ಅದರ ನಡುವೆ, ಕೈಯ ಲಯಕ್ಕೆ, ಕ್ಲಾರಾಳ ಗಂಟಲು ತಾನೇ ತೆರೆದುಕೊಂಡಿತ್ತು. ಮೊದಲು ಬರೀ ರಾಗ. ಆಮೇಲೆ ವೊವಿ. ಚರ್ಚಿನಲ್ಲಿ, ಮದುವೆಯಲ್ಲಿ, ನೆಂಟರ ಮುಂದೆ ಇಷ್ಟು ವರ್ಷ ಬಾರದ ದನಿ, ಸ್ವಲ್ಪ ದಪ್ಪಗಾಗಿ, ಅಂಚಿನಲ್ಲಿ ಬಿರುಕು ಬಿಟ್ಟು, ಆದರೆ ಜಾಗ ತಪ್ಪದೆ ನಡೆದಿತ್ತು.

ಬಾವಿಯ ನೀರು ತಂಪು, ಕಾಯಿಯ ಹಾಲು ತಂಪು,
ಐಸಿನ ಮನೆಯವನು ಮೊದಲೇ ಹೊರಟುಹೋದ,
ಅಪ್ಪನ ಪಾಲಿನ ಹಾಲನ್ನೂ ನಾನೇ ಹಚ್ಚುವೆ, ಸೋನಿಯಾ.

ಕೊಂಕಣಿಯಲ್ಲಿದ್ದ ಪದದ ಅರ್ಥ ಅಷ್ಟೇ. ಸೋನಿಯಾಳಿಗೆ ಮದುವೆಯ ಮಾತೇ ಎದ್ದಿರಲಿಲ್ಲ. ಎದ್ದರೂ ಅವಳ ರೋಸಿನಲ್ಲಿ ವೊವಿಯೊ ಎತ್ತಿಕೊಡಲು ಬೇರೆ ಯಾರನ್ನೋ ಕರೆಯಬೇಕು. ಅದು ತಾಯಿಗೂ ಗೊತ್ತು. ಗೊತ್ತಿದ್ದೇ ಅವಳು ಹೆರೆಮಣೆಯ ಮೇಲೆ ಕೂತು, ಮಗಳನ್ನು ಕೋಳಿಗೆ ನೀರಿಡಲು ಕಳಿಸಿ, ಮಗಳ ರೋಸನ್ನು ಒಬ್ಬಳೇ ಮಾಡಿ ಮುಗಿಸುತ್ತಿದ್ದಳು.

ಒಂಬತ್ತನೇ ಹಾಡು ಸಿಕ್ಕಿತ್ತು. ಸೋನಿಯಾ ತಾನು ಬರೆದ ಸಾಲುಗಳನ್ನೆಲ್ಲ ತೆಗೆದುಹಾಕಿದಳು. ಗಿಟಾರಿನ ಒಂದೇ ತಂತಿ, ಹೆರೆಮಣೆ, ತಾಯಿ. “ಅಮ್ಮನ ದನಿಯಾ ಅಕ್ಕ? ಎಂತ ದನಿ ಮಾರಾಯ್ರೆ!” ಎಂದ ಲಕ್ಷಿತ್. ಅವನಿಗೆ ಕೊಂಕಣಿ ಅಷ್ಟಕ್ಕಷ್ಟೆ.

ತಾಯಿಗೆ ಹೇಳಬೇಕೆಂದು ಸೋನಿಯಾ ಅಂದುಕೊಂಡೇ ಇದ್ದಳು. ಕ್ಲಾರಾಳೇ ಒಮ್ಮೆ ಮೀನು ತೊಳೆಯುತ್ತ ಕೇಳಿದಳು: “ನನ್ನ ಹೆರೆಮಣೆ ಬಂತಾ ಹಾಡಿನಲ್ಲಿ?”

“ಬಂತು ಮಮ್ಮಿ.”

“ಕೇಳಿಸು ನೋಡುವಾ.”

ಸೋನಿಯಾ ಫೋನ್ ಹಿಡಿದಳು. ಸರಕ್, ಸರಕ್. ಕ್ಲಾರಾ ತಲೆ ಓರೆ ಮಾಡಿ ಕೇಳಿ, “ಹೌದಲ್ಲಾ, ಮಳೆ ಬಂದ ಹಾಗೆ ಕೇಳ್ತದೆ,” ಎಂದಳು. ದನಿ ಶುರುವಾಗುವ ಮೊದಲೇ ಸೋನಿಯಾ ನಿಲ್ಲಿಸಿದಳು. “ಇನ್ನೂ ಮುಗೀಲಿಲ್ಲ,” ಎಂದಳು. ಹಾಡು ಮುಗಿದು ಲಕ್ಷಿತನ ಕೈಯಿಂದ ಬಂದು ಮೂರು ದಿನವಾಗಿತ್ತು. ಬೇಡ ಎಂದರೆ ಆಲ್ಬಮ್ಮಿಗೆ ಉಸಿರೇ ಇರುವುದಿಲ್ಲ ಎಂಬ ಹೆದರಿಕೆ ಅವಳ ನಾಲಿಗೆಯನ್ನು ಹಿಡಿದಿತ್ತು. ತಾಯಿ ಫೋನಿನಲ್ಲಿ ಹಾಡು ಕೇಳುವವಳಲ್ಲ ಎಂಬ ಧೈರ್ಯವೂ ಒಳಗೆ ಇತ್ತು.

ಆಲ್ಬಮ್ ಬಂತು. ದೊಡ್ಡ ಗದ್ದಲವೇನೂ ಆಗಲಿಲ್ಲ. ಮಣಿಪಾಲದಲ್ಲಿ ಕೆಲವರು ಕೇಳಿದರು, ಕುವೈತಿನಿಂದ ಯಾರೋ ಒಬ್ಬರು ಒಂಬತ್ತನೇ ಹಾಡು ಕೇಳಿ ಕಣ್ಣೀರು ಬಂತು ಎಂದು ಬರೆದರು. ಸೋನಿಯಾ ಅದನ್ನು ಓದಿ ಫೋನನ್ನು ಮಗುಚಿಟ್ಟಳು.

ಅದಾಗಿ ಸ್ವಲ್ಪ ದಿನಕ್ಕೆ ಕಾರ್ಕಳದಲ್ಲಿ ಡಿಂಪಲಳ ರೋಸ್. ಡಿಂಪಲ್ ಎಂದರೆ ಕ್ಲಾರಾಳ ತಂಗಿ ಆನಿಯ ಮಗಳು. ತಾಯಿ ಮಗಳಿಬ್ಬರೂ ಶಿರ್ವ, ಬೆಳ್ಮಣ್ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ಹೊರಟರು. ಕ್ಲಾರಾ ಒಳ್ಳೆಯ ಮನಸ್ಸಿನಲ್ಲಿದ್ದಳು.

“ಡಿಂಪಲ್ ಅಂತ ಹೆಸರಿಟ್ಟರೆ ವೊವಿ ಎತ್ತುವವಳು ಎಂತ ಮಾಡಬೇಕು ಹೇಳು. ಕೊನೆಗೆ ಎಳೀಲಿಕ್ಕೇ ಆಗುವುದಿಲ್ಲ. ಲ್ ಅಂತ ಬಾಗಿಲು ಹಾಕಿದ ಹಾಗೆ.”

“ನೀವಾದರೆ ಎಂತ ಮಾಡ್ತಿದ್ರಿ?”

“ನಾನಾ? ಡಿಂಪಲಾ ಅಂತ ಒಂದು ಬಾಲ ಹಚ್ಚುತ್ತಿದ್ದೆ,” ಎಂದು ಕಿಟಕಿಯ ಹೊರಗೆ ನೋಡಿದಳು. “ಈಗ ನನ್ನನ್ನು ಯಾರು ಕೇಳ್ತಾರೆ.”

ಆನಿಯ ಮನೆಯ ಅಂಗಳದಲ್ಲಿ ಚಪ್ಪರ, ಬಣ್ಣದ ಪರದೆ, ಮೂಲೆಯಲ್ಲಿ ದೊಡ್ಡ ಸ್ಪೀಕರುಗಳು. ಸ್ಪೀಕರಿನ ಹಿಂದಿನಿಂದ ಲಕ್ಷಿತ್ ಕೈ ಬೀಸಿದ. ಕ್ಲಾರಾ ನೇರವಾಗಿ ಹಿಂದಿನ ಸಾಲಿಗೆ ಹೋದಳು. ಸೋನಿಯಾ ಪಕ್ಕದಲ್ಲಿ ಕೂತಳು.

ವೊವಿಯೊ ಎತ್ತಿಕೊಡಲು ಕೂತಿದ್ದವಳು ಡಿಂಪಲಳ ಅಪ್ಪನ ಕಡೆಯ ದೊಡ್ಡಮ್ಮ. ಅವಳ ಗಂಡ ಗಟ್ಟಿಮುಟ್ಟಾಗಿ ಚಪ್ಪರದ ಆಚೆ ಎಲೆ ಅಡಿಕೆ ಹಾಕುತ್ತಿದ್ದ. ಪದಗಳು ಮಾತ್ರ ಅವಳ ಬಾಯಲ್ಲಿರಲಿಲ್ಲ, ವಾಟ್ಸ್ಯಾಪಿನಲ್ಲಿದ್ದವು. ಎರಡು ವೊವಿ ಹೇಗೋ ಸಾಗಿತು. ಮೂರನೆಯದರ ನಡುವೆ ಫೋನಿನ ಪರದೆ ಕಪ್ಪಾಯಿತು. “ತಡೀರಿ, ತಡೀರಿ, ಕನ್ನಡಕ ಎಲ್ಲುಂಟು,” ಎಂದಳು. ಹೆಂಗಸರು ನಕ್ಕರು. “ಕನ್ನಡಕ ಹಾಕಿದರೆ ಫೋನಿಗೆ ಚಾರ್ಜ್ ಆಗ್ತದಾ?” ಎಂದಳೊಬ್ಬಳು. ಡಿಂಪಲ್ ಹಾಲು ಸುರಿಯುವ ಕೂದಲಿನಲ್ಲಿ ಚಳಿಗೆ ನಡುಗುತ್ತ ಕಾದಳು.

ಆ ಖಾಲಿ ಜಾಗವನ್ನು ತುಂಬಿಸುವವನು ಸೌಂಡಿನವನಲ್ಲದೆ ಇನ್ಯಾರು? ಲಕ್ಷಿತ್ ಸೋನಿಯಾಳ ಕಡೆ ನೋಡಿ ಹೆಬ್ಬೆರಳು ಎತ್ತಿದ. ಅವನು ಏನು ಮಾಡುತ್ತಾನೆಂದು ಅವಳಿಗೆ ತಿಳಿಯುವ ಮೊದಲೇ ಸ್ಪೀಕರಿನಲ್ಲಿ ಹೆರೆಮಣೆಯ ಶಬ್ದ ಎದ್ದಿತು. ಸರಕ್, ಸರಕ್. ಅಂಗಳದಷ್ಟು ದೊಡ್ಡ ಹೆರೆಮಣೆ.

“ಇದೆಂತ ಹೊಸದು,” ಎಂದು ಜನ ತಿರುಗಿದರು. ದನಿ ಬಂತು. ಹಿರಿಯ ಹೆಂಗಸರಿಗೆ ರಾಗ ತಟ್ಟನೆ ಸಿಕ್ಕಿತು. ಅವರು ಹಿಂದಿನಿಂದ ಹಿಡಿದುಕೊಂಡರು. ಆನಿ ತಟ್ಟೆಯಿಂದ ಹಾಲು ತೆಗೆದು ಮಗಳ ನೆತ್ತಿಗೆ ಹಾಕಿದಳು. ಒಂದು ಗಳಿಗೆ ಎಲ್ಲವೂ ಹೇಗಿರಬೇಕೋ ಹಾಗೇ ಇತ್ತು.

ಕ್ಲಾರಾ ಮಗಳ ತೋಳು ಮುಟ್ಟಿದಳು. ಅವಳ ಮುಖ ಬೆಳಗಿತ್ತು. “ಯಾರಿದು ಪುತಾ? ಒಳ್ಳೆ ಹಾಡ್ತಾರೆ. ಹಳೇ ಕಾಲದವರು. ನೋಡು, ಮೊದಲನೇ ಸಾಲನ್ನು ಹೇಗೆ ತಗ್ಗಿಸ್ತಾರೆ. ಈಗಿನವರಿಗೆ ಇದು ಬರುವುದಿಲ್ಲ.”

ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಕ್ಲಾರಾಳಿಗೆ ಗೊತ್ತಿರಲಿಲ್ಲ. ಅವಳು ಇಡೀ ಜೀವನ ಅದನ್ನು ಒಳಗಿನಿಂದಲೇ ಕೇಳಿದವಳು.

ಐಸಿನ ಮನೆಯವನು ಎಂಬಲ್ಲಿಗೆ ಅವಳ ಬೆರಳು ಮಗಳ ತೋಳಿನ ಮೇಲೆ ನಿಂತಿತು. ಮೂರನೇ ಸಾಲು ಬಂತು. ಡಿಂಪಲಳ ನೆತ್ತಿಯಿಂದ ಹಾಲು ಇಳಿಯುತ್ತಿರುವಾಗ, ದೊಡ್ಡ ಸ್ಪೀಕರಿನಿಂದ, ಉದ್ದಕ್ಕೆ ಎಳೆದು, ಸೋನಿಯಾ ಎಂಬ ಹೆಸರು ಕಾರ್ಕಳದ ಆ ಅಂಗಳದ ಮೇಲೆ ಹರಡಿತು.

ಹಾಡುತ್ತಿದ್ದ ಹೆಂಗಸರು ನಿಂತರು. ಆನಿಯ ಕೈ ತಟ್ಟೆಯಲ್ಲೇ ಉಳಿಯಿತು. ಅವಳಿಗೆ ಅಕ್ಕನ ದನಿ ಹೇಳಿಕೊಡಬೇಕಾಗಿರಲಿಲ್ಲ. ಮುಂದಿನ ಸಾಲುಗಳ ತಲೆಗಳು ಒಂದೊಂದಾಗಿ ಹಿಂದೆ ತಿರುಗಿದವು. ಮೆಲ್ಲಗೆ ಯಾರೋ ಅಂದರು, “ಕ್ಲಾರಾ ಅಲ್ವಾ? ಗಂಡ ಹೋದವಳು.” ಇನ್ನೊಬ್ಬಳು, “ಹೆಸರೂ ಬೇರೆ ಹುಡುಗಿಯದ್ದು.”

“ಆಫ್ ಮಾಡಿ ಅದನ್ನು!” ಎಂದಳು ಆನಿ.

ಲಕ್ಷಿತ್ ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ. ದನಿ ಇನ್ನೂ ಜೋರಾಗಿ ಆಮೇಲೆ ನಿಂತಿತು. ಆನಿ ಸೆರಗಿನಿಂದ ಮಗಳ ಹಣೆ ಒರೆಸಿ, ತಟ್ಟೆಯ ಹಾಲನ್ನು ಗಿಡದ ಬುಡಕ್ಕೆ ಚೆಲ್ಲಿ, ಒಳಗಿನಿಂದ ಹೊಸ ಹಾಲು ತರಿಸಿದಳು. ರೋಸ್ ಮೊದಲಿನಿಂದ ಶುರುವಾಯಿತು. ದೊಡ್ಡಮ್ಮ ಯಾರದೋ ಫೋನ್ ಹಿಡಿದು ಡಿಂಪಲಳ ಹೆಸರನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಹಾಡಿದಳು.

ಕ್ಲಾರಾ ಎದ್ದುಹೋಗಲಿಲ್ಲ. ಹೋದರೆ ಎಲ್ಲರೂ ನೋಡುತ್ತಾರೆ. ಹಾಲು ಹಚ್ಚಲು ಅವಳ ಸರದಿ ಬಂದಾಗ ಆನಿ ಕಣ್ಣೆತ್ತಲಿಲ್ಲ. ಕ್ಲಾರಾ ಕೈ ಮುಂದೆ ಮಾಡಲಿಲ್ಲ. ಡಿಂಪಲ್ ಮಾತ್ರ, “ಬನ್ನಿ ಮಾವ್ಶಿ,” ಎಂದಳು. ಕ್ಲಾರಾ ಅವಳ ಒದ್ದೆ ಭುಜವನ್ನು ಒಮ್ಮೆ ಮುಟ್ಟಿ ಹಿಂದಕ್ಕೆ ಬಂದಳು.

ಬಸ್ ಸ್ಟ್ಯಾಂಡಿನವರೆಗೆ ಲಕ್ಷಿತ್ ಓಡಿಬಂದ. “ಅಕ್ಕ, ನಿಮಗೆ ಖುಷಿಯಾಗ್ತದೆ ಅಂತ ಹಾಕಿದ್ದು. ಮನೆಯವರದೇ ದನಿ ಅಲ್ವಾ ಅಂತ. ” ಕ್ಲಾರಾಳ ಕಡೆ ತಿರುಗಿದ. “ಬಾಯಮ್ಮ, ತಪ್ಪಾಯ್ತು.”

“ನಿಂದೆಂತ ತಪ್ಪು?” ಎಂದಳು ಕ್ಲಾರಾ. “ನಿನಗೆ ಯಾರೂ ಹೇಳಲಿಲ್ಲ. ನನಗೂ ಯಾರೂ ಹೇಳಲಿಲ್ಲ.”

ಕಾಪುವಿನ ಬಸ್ಸಿಗೆ ಅವಳೇ ಮೊದಲು ಹತ್ತಿದಳು.

ಮದುವೆ ನಡೆಯಿತು. ವಾರ ಕಳೆದು ಆನಿ ಕಾಪುವಿಗೆ ಬಂದಳು, ಒಂದು ಪೊಟ್ಟಣ ಸಿಹಿ ಹಿಡಿದುಕೊಂಡು. ಜಗಳ ಮಾಡಲಿಲ್ಲ. ಚಾ ಆರಿಹೋಗುವವರೆಗೆ ಕೂತು ಹೇಳಿದಳು: “ಅಕ್ಕ, ಎಂತದೂ ಆಗಲಿಲ್ಲ. ಅವರಿಬ್ಬರೂ ಚೆನ್ನಾಗಿದ್ದಾರೆ. ಆದರೆ ನಾಳೆ ಅವಳಿಗೆ ಒಂದು ಜ್ವರ ಬಂದರೂ ನನ್ನ ಮನಸ್ಸು ಅಲ್ಲಿಗೇ ಹೋಗ್ತದೆ. ಹೋಗಬಾರದು ಅಂತ ಗೊತ್ತುಂಟು. ನಾನೆಂತ ಮಾಡಲಿ?”

“ನೀನೆಂತ ಮಾಡ್ತಿ,” ಎಂದಳು ಕ್ಲಾರಾ. “ನಿನ್ನ ಜಾಗದಲ್ಲಿ ಇದ್ದರೆ ನನ್ನದೂ ಅಲ್ಲಿಗೇ ಹೋಗ್ತಿತ್ತು.”

ಬಾಗಿಲ ಹಿಂದೆ ನಿಂತ ಸೋನಿಯಾಳಿಗೆ ಆ ಮಾತು ರೋಸಿನ ದಿನದ ಆನಿಯ ಕೂಗಿಗಿಂತ ಹೆಚ್ಚು ತಾಗಿತು.

ಮನೆಯಲ್ಲಿ ಒಂದು ಬದಲಾವಣೆ ಆಗಿತ್ತು. ಹೆರೆಮಣೆ ಗೋಡೆಗೆ ಒರಗಿ ನಿಂತಿತ್ತು. ಕ್ಲಾರಾ ಕಾಯಿಯನ್ನು ಚಾಕುವಿನಲ್ಲಿ ಎಬ್ಬಿಸಿ, ತುಂಡು ಮಾಡಿ, ಮಿಕ್ಸಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಮಿಕ್ಸಿ ಒಂದು ನಿಮಿಷ ಅರಚಿ ನಿಲ್ಲುತ್ತಿತ್ತು. ಮತ್ತೆ ಅಡುಗೆಮನೆಯಲ್ಲಿ ಶಬ್ದವೇ ಇಲ್ಲ. ಮೀನುಸಾರಿಗೆ ಹಿಂದಿನ ರುಚಿ ಇರಲಿಲ್ಲ. ಸೋನಿಯಾ ಒಳಗೆ ಬಂದರೆ ತಾಯಿಯ ಕಣ್ಣು ಮೊದಲು ಅವಳ ಕೈಗೆ ಹೋಗುತ್ತಿತ್ತು, ಫೋನ್ ಇದೆಯೇ ಎಂದು. ಆ ನೋಟವನ್ನು ಸೋನಿಯಾಳಿಗೆ ಸಹಿಸಲಾಗಲಿಲ್ಲ.

“ಮಮ್ಮಿ, ಆ ಹಾಡು ತೆಗೀಲಾ?” ಎಂದು ಒಂದು ದಿನ ಕೇಳಿದಳು.

ಕ್ಲಾರಾ ಪಾತ್ರೆ ಒರೆಸುತ್ತಿದ್ದಳು. “ಹಾಕುವಾಗ ನನ್ನನ್ನು ಕೇಳಿದ್ಯಾ?”

“ಇಲ್ಲ.”

“ಮತ್ತೆ ತೆಗೆಯುವಾಗ ಯಾಕೆ ಕೇಳ್ತಿ?” ಪಾತ್ರೆಯನ್ನು ಕವುಚಿಟ್ಟಳು. “ಮಂಚದ ಮೇಲೆ ಮಲಗಿದವಳನ್ನು ಎತ್ತಿ ತಂದು ಅಂಗಳದಲ್ಲಿ ನಿಲ್ಲಿಸಿದ ಹಾಗಾಯ್ತು ನನಗೆ. ಜನ ಎಂತ ಹೇಳಿದರು ಅಂತ ಅಲ್ಲ. ಜನ ಹೇಳ್ತಾರೆ. ನೀನು ನನಗೆ ಬರೀ ಮಳೆ ಕೇಳಿಸಿದೆ, ನೋಡು. ಅದು.”

ಸೋನಿಯಾ ಮಾಳಿಗೆಗೆ ಹೋದಳು. ತೆಗೆಯಬೇಡ, ಇಡೀ ಆಲ್ಬಮ್ಮಿನಲ್ಲಿ ನಿಜವಾದದ್ದು ಅದೊಂದೇ ಎಂದು ಬ್ರ್ಯಾಂಡನ್ ಹಿಂದಿನ ದಿನವಷ್ಟೇ ಹೇಳಿದ್ದ. ಅವನ ಮಾತು ಸರಿಯಿತ್ತು. ಅದಕ್ಕಾಗಿಯೇ ತಾನು ಸುಳ್ಳು ಹೇಳಿದ್ದು ಎಂದು ಅವಳಿಗೆ ಈಗ ಸ್ಪಷ್ಟವಾಗಿತ್ತು. ಹಾಡು ಸರಿಯಿದ್ದರೂ ತಂದ ದಾರಿ ಸರಿಯಿರಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ. ಒಂಬತ್ತನೆಯದನ್ನು ತೆಗೆದಳು. ಕೆಳಗೆ ಬಂದು ಹೇಳಲಿಲ್ಲ.

ಮಳೆಗಾಲದ ಮೊದಲ ಗಾಳಿಗೆ ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಮಿಕ್ಸಿ ತಿರುಗಲಿಲ್ಲ. ಕ್ಲಾರಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಹೆರೆಮಣೆಯನ್ನು ಮಗುಚಿ ಧೂಳು ಒರೆಸಿ ಕೂತಳು. ಸೋನಿಯಾ ಬಾಗಿಲಲ್ಲಿ ನಿಂತಿದ್ದಳು.

“ಫೋನ್ ಎಲ್ಲುಂಟು?”

“ಮೇಲೆ. ಕೋಣೆಯಲ್ಲಿ.”

ಸರಕ್, ಸರಕ್. ಒಂದು ಹೋಳು ಮುಗಿಯಿತು. ಸೋನಿಯಾ ನೆಲದ ಮೇಲೆ ಕೂತು ಇನ್ನೊಂದು ಹೋಳು ಎತ್ತಿಕೊಟ್ಟಳು. ತಾಯಿಯ ಕೈಗೆ ಲಯ ಹಿಡಿಯಿತು. ಗಂಟಲು ಒಮ್ಮೆ ಏರಿತು, ಇಳಿಯಿತು. ಹಾಡು ಬರಲಿಲ್ಲ. ಬಾರದೇ ಇರುವುದು ಇಬ್ಬರಿಗೂ ಕೇಳುತ್ತಿತ್ತು.

“ಆ ಹಾಡು ಈಗಲೂ ಉಂಟಾ?” ಎಂದಳು ಕ್ಲಾರಾ, ತಲೆ ಎತ್ತದೆ.

“ತೆಗೆದೆ.”

“ಪೂರ್ತಿಯಾ?”

“ಜನರಿಗೆ ಸಿಗುವುದಿಲ್ಲ. ನನ್ನ ಹತ್ತಿರ ಒಂದು ಉಂಟು.” ಸೋನಿಯಾ ತಡೆದು ಕೇಳಿದಳು, “ಅದನ್ನೂ ಅಳಿಸಬೇಕಾ ಮಮ್ಮಿ?”

ಕ್ಲಾರಾ ಕರಟದ ಹತ್ತಿರ ಬಂದ ಹೋಳನ್ನು ತಿರುಗಿಸಿ, ಕಪ್ಪು ಬೀಳದ ಹಾಗೆ ಅಂಚನ್ನು ಮೆಲ್ಲಗೆ ತುರಿದಳು. ಬಟ್ಟಲಿನ ತುರಿಯನ್ನು ಬೆರಳಿನಿಂದ ಒಟ್ಟು ಮಾಡಿದಳು. ಹೊರಗೆ ಗಾಳಿಗೆ ಒಂದು ತೆಂಗಿನ ಮಡಲು ಬಿತ್ತು.

“ನಿನ್ನ ಹೆಸರು,” ಎಂದಳು, “ಮೂರನೇ ಸಾಲಿನಲ್ಲಿ ಸರಿಯಾಗಿ ಕೂತಿತ್ತು.”

ಮತ್ತೆ ಕಾಯಿ ತುರಿಯತೊಡಗಿದಳು.